ಕಲಾಯಿ ಸಾಹೇಬರ ಮೂರು ಹೊತ್ತಿನ ಗುಳಿಗೆ

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಶಿಕಾರಿಪುರದ ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರಾಗಿದ್ದೆ. ಸೊರಬದ ಡಾಕ್ಟರು ವರ್ಗವಾಗಿ ಹೋದ ಮೇಲೆ ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹಾಗಾಗಿ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಆ ದವಾಖಾನೆಯನ್ನೂ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಿತ್ತು. ಎರಡು ಊರಿಗೂ ಸೇರಿ ರಕ್ತದೊತ್ತಡ ನೋಡುವ ಯಂತ್ರ ಇದ್ದದ್ದು ಒಂದೇ. ಆ ಪಾದರಸದ ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬೆಳಗಿನ ಬಸ್ಸಿನಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಕೂತವರು ಅದಕ್ಕೆ ಮೊಣಕೈ ತಾಗಿಸಿದರೆ ಸಿಡುಕುತ್ತಿದ್ದೆ. ಆಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಾಯಿಲೆಯ ಮೇಲೆ ಬರಬೇಕಾದ ಸಿಟ್ಟು ಎಷ್ಟೋ ಸಲ ಕಾಯಿಲೆಯವರ ಮೇಲೆ ಹೋಗುತ್ತಿತ್ತು.

ಒಂದು ಗುರುವಾರ ಸೊರಬದ ದವಾಖಾನೆಗೆ ಮೂವರು ಬಂದರು. ಮುಂದೆ ಒಬ್ಬರು ಬಳೆ ವ್ಯಾಪಾರಿ, ಅವರು ಕೈ ಹಿಡಿದು ನಡೆಸಿಕೊಂಡು ಬಂದ ಅವರ ಅಣ್ಣ, ಹಿಂದೆ ಆ ಅಣ್ಣನ ಹೆಂಡತಿ. ಅಣ್ಣನಿಗೆ ಅರವತ್ತೈದು ದಾಟಿತ್ತು. ನಲವತ್ತು ವರ್ಷ ಸುತ್ತಲಿನ ಊರುಗಳಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಕಲಾಯಿ ಹಾಕಿದವರು. ಎಲ್ಲರೂ ಅವರನ್ನು ಕಲಾಯಿ ಸಾಹೇಬರು ಎಂದೇ ಕರೆಯುತ್ತಿದ್ದರು. ನಾನು ನಾಡಿ ನೋಡಲು ಕೈ ಚಾಚಿದೆ. ಅವರು ತಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ಮುಟ್ಬ್ಯಾಡಿ ಡಾಕ್ಟ್ರೇ. ಈ ಕೈಯಾಗೆ ವಿಷ ಐತೆ."

"ಯಾವ ವಿಷ?"

"ಎಲ್ಲಾ ಊರಿಗೂ ಹಾಕಿ ಬಂದೀನಿ. ನಾನು ಕಲಾಯಿ ಹಾಕಿದ ಪಾತ್ರೆಯಾಗೆ ಉಂಡೋರೆಲ್ಲ ಸಾಯ್ತಾರೆ."

ಪಕ್ಕದಲ್ಲಿದ್ದ ತಮ್ಮ ಹೇಳಿದರು, "ಆರು ತಿಂಗಳಾಯ್ತು ಸಾಹೇಬ್ರೇ, ಹಿಂಗೇ. ಕುಪ್ಪಗಡ್ಡೇಲಿ ಯಾರಿಗೋ ವಾಂತಿ ಆಯ್ತು ಅಂದ್ರೆ ಇವ್ರು ಇಲ್ಲಿ ಎದೆ ಬಡ್ಕೊಳ್ತಾರೆ. ಕೆಲ್ಸ ಬಿಟ್ರು, ನಮಾಜು ಬಿಟ್ರು. ಈಗ ಊಟಾನೂ ಬಿಟ್ಟಾರೆ. ತಟ್ಟೆ ಕಂಡ್ರೆ ಅದ್ರಾಗೂ ವಿಷ ಐತೆ ಅಂತಾರೆ."

ಪಾತ್ರೆ ಬೆಳಗಲು ಇಟ್ಟಿದ್ದ ನವಸಾಗರದ ಪುಡಿಯ ಡಬ್ಬಿಯನ್ನು ಹೆಂಡತಿ ಪಕ್ಕದ ಮನೆಯಲ್ಲಿ ಬಚ್ಚಿಟ್ಟಿದ್ದಾರೆ ಎಂದು ತಮ್ಮನೇ ತಗ್ಗಿದ ದನಿಯಲ್ಲಿ ತಿಳಿಸಿದರು. ಗಂಡ ಅದನ್ನು ನುಂಗಿಬಿಟ್ಟಾರು ಎಂಬ ಭಯ.

ಲೋಹದ ಹೊಗೆಯಲ್ಲಿ ದುಡಿದವರು ಎಂದು ಮೊದಲು ಸೀಸದ ವಿಷದ ಗುರುತು ಹುಡುಕಿದೆ. ಒಸಡಿನ ಅಂಚಿನಲ್ಲಿ ನೀಲಿ ಗೆರೆ ಇರಲಿಲ್ಲ. ಮಣಿಕಟ್ಟು ಜೋತುಬಿದ್ದಿರಲಿಲ್ಲ. ಹೊಟ್ಟೆ ಒತ್ತಿದರೆ ನೋವಿಲ್ಲ. ಮೂತ್ರ ಕಾಯಿಸಿ ನೋಡಿದೆ, ಸಕ್ಕರೆಯಿಲ್ಲ, ಆಲ್ಬುಮಿನ್ನೂ ಇಲ್ಲ. ಎದೆ ಸರಿಯಾಗಿತ್ತು. ಆದರೆ ಆ ಮನುಷ್ಯ ಒಂದು ಕಡೆ ಕೂರಲಾರರು. ಎದ್ದು ಗೋಡೆಯವರೆಗೆ ಹೋಗುತ್ತಾರೆ, ಬರುತ್ತಾರೆ, ಎರಡೂ ಕೈಗಳನ್ನು ಒದ್ದೆ ಬಟ್ಟೆಯಂತೆ ಹಿಂಡಿಕೊಳ್ಳುತ್ತಾರೆ. ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲವಂತೆ. ಇದು ಮುಪ್ಪಿನಲ್ಲಿ ಬರುವ ವಿಷಾದರೋಗ, ಅದರಲ್ಲೂ ತಳಮಳದ ಬಗೆಯದು ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಓದುವಾಗ ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಇಂಥವರನ್ನು ಕಂಡಿದ್ದೆ. ಅಲ್ಲಿ ಆಗ ಅವರಿಗೆ ತಲೆಗೆ ಕರೆಂಟು ಕೊಡುತ್ತಿದ್ದರು. ನನ್ನ ದವಾಖಾನೆಯಲ್ಲಿದ್ದದ್ದು ಬ್ರೋಮೈಡ್ ಮಿಕ್ಸ್ಚರ್, ನಿದ್ದೆ ಗುಳಿಗೆ ಮತ್ತು ಕೆಂಪು ಬಣ್ಣದ ಒಂದು ಟಾನಿಕ್ಕು. ಆ ಟಾನಿಕ್ಕಿನಿಂದ ಯಾರಿಗೆ ಏನು ಗುಣವಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

"ಬೆಂಗ್ಳೂರಿಗೆ ಕರ್ಕೊಂಡು ಹೋಗ್ತೀನಿ, ಕಾಗ್ದ ಬರ್ದು ಕೊಡಿ" ಎಂದರು ತಮ್ಮ.

ಆಗ ಸಾಹೇಬರ ಹೆಂಡತಿ ಬಾಯಿ ಬಿಟ್ಟರು. "ಬ್ಯಾಡ ಡಾಕ್ಟರ್ ಸಾಹೇಬ್ರೇ. ಉಣ್ಣಾಕೆ ನಾನು ಕೂತು ಬೇಡ್ಕೊಂಡ್ರೂ ನಾಲ್ಕು ತುತ್ತು ಹೋಗೋದಿಲ್ಲ. ಅಲ್ಲಿ ಯಾರು ಬೇಡ್ತಾರೆ? ಹೋದ್ರೆ ಇವ್ರು ಜೀವಂತ ತಿರುಗಿ ಬರೋದಿಲ್ಲ."

ಬೆಂಗಳೂರಿನವರು ಮೂಗಿನಿಂದ ಕೊಳವೆ ಹಾಕಿಯಾದರೂ ಉಣಿಸುತ್ತಾರೆ ಎಂದು ನಾನು ಹೇಳಬಹುದಿತ್ತು. ಆಕೆಯ ಮುಖ ನೋಡಿ ಹೇಳಲಿಲ್ಲ. ಬದಲಿಗೆ ಒಂದು ತಿಂಗಳು ಕಾಲ ಕೇಳಿದೆ. ಬಳೆ ವ್ಯಾಪಾರಿ ಅಣ್ಣನ ಕಡೆ ಒಂದು ಗಳಿಗೆ ನೋಡಿದರು.

"ಒಂದು ತಿಂಗ್ಳು ಸಾಹೇಬ್ರೇ. ಅಷ್ಟೇ. ಇವ್ರು ಹಸ್ಕೊಂಡು ನನ್ನ ಕಣ್ಣೆದುರಿಗೆ ಸಾಯೋದು ನನ್ನ ಕೈಲಿ ನೋಡಾಕೆ ಆಗೋದಿಲ್ಲ."

ಅವತ್ತೇ ಬೆಂಗಳೂರಿನಲ್ಲಿದ್ದ ನನ್ನ ಗುರುಗಳಿಗೆ ಪತ್ರ ಬರೆದೆ. ವಿಷಾದಕ್ಕೆಂದೇ ಇಮಿಪ್ರಮಿನ್ ಎಂಬ ಹೊಸ ಗುಳಿಗೆ ಬಂದಿದೆ ಎಂದು ಅವರಿಂದಲೇ ಹಿಂದೊಮ್ಮೆ ಕೇಳಿದ್ದೆ. ಉತ್ತರದ ಜೊತೆ ಗುಳಿಗೆಗಳ ಪಾರ್ಸಲ್ಲೂ ಬಂತು. ಹೊಸ ಗುಳಿಗೆ ಮನಸ್ಸನ್ನು ಎತ್ತಲು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ, ಅಲ್ಲಿಯವರೆಗೆ ತಳಮಳ ಸುಮ್ಮನಿರುವುದಿಲ್ಲ, ಆದ್ದರಿಂದ ಅದನ್ನು ತಗ್ಗಿಸಲು ಜೊತೆಗೆ ಕ್ಲೋರ್‌ಪ್ರೋಮಜಿನ್ ಸ್ವಲ್ಪ ಕೊಡು ಎಂದು ಅವರು ಬರೆದಿದ್ದರು. ಎರಡು ಔಷಧಗಳೂ ರೋಗಿ ಎದ್ದು ನಿಂತಾಗ ರಕ್ತದೊತ್ತಡವನ್ನು ಇಳಿಸುತ್ತವೆ, ಮುದುಕರಲ್ಲಿ ಇನ್ನೂ ಹೆಚ್ಚು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡು ಎನ್ನುವ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. ಕೊನೆಗೆ, ಮೊದಲ ಹದಿನೈದು ದಿನ ಏನೂ ಆಗದು, ಧೈರ್ಯ ಕೆಡಬೇಡ ಎಂದಿದ್ದರು.

ಸೊರಬದ ಕಾಂಪೌಂಡರು ನಿವೃತ್ತಿಗೆ ಹತ್ತಿರವಾಗಿದ್ದವರು. ನಶ್ಯದ ಡಬ್ಬಿ ಒಂದು ಜೇಬಿನಲ್ಲಿ, ಸೊರಬದ ಪ್ರತಿಯೊಂದು ಮನೆಯ ಸುದ್ದಿ ತಲೆಯಲ್ಲಿ. ಗಂಡ ಹೆಂಡತಿ ಇಬ್ಬರಿಗೂ ಕನ್ನಡ ಓದಲು ಬಾರದು ಎಂದು ಅವರೇ ಒಂದು ಉಪಾಯ ಮಾಡಿದರು. ಬೆಳಗಿನ ಗುಳಿಗೆ ಬಿಳಿ ಕಾಗದದಲ್ಲಿ, ಮಧ್ಯಾಹ್ನದ್ದು ಗುಲಾಬಿ ಕಾಗದದಲ್ಲಿ, ಮಲಗುವಾಗಿನದು ನೀಲಿಯಲ್ಲಿ. ಕ್ಲೋರ್‌ಪ್ರೋಮಜಿನ್ ಗುಳಿಗೆಯನ್ನು ಕ್ಷೌರದ ಬ್ಲೇಡಿನಿಂದ ಅರ್ಧ ಮಾಡಿ ಪೊಟ್ಟಣಕ್ಕೆ ಹಾಕುತ್ತಿದ್ದರು. ಮೊದಲ ವಾರ ಇಮಿಪ್ರಮಿನ್ನೂ ಅರ್ಧರ್ಧವೇ. ಆಮೇಲೆ ಏರಿಸುತ್ತಾ ಹೋಗಿ ಹೊತ್ತಿಗೊಂದರಂತೆ ದಿನಕ್ಕೆ ಮೂರು. ಕ್ಲೋರ್‌ಪ್ರೋಮಜಿನ್ ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ, ಮಲಗುವಾಗ ಒಂದು.

"ಒಂದು ಹೊತ್ತೂ ತಪ್ಪಿಸಕೂಡದು" ಎಂದು ನಾನು ಬೆರಳೆತ್ತಿ ಹೇಳಿದೆ. "ತಪ್ಪಿಸಿದರೆ ನಾನು ಜವಾಬ್ದಾರನಲ್ಲ. ಗೊತ್ತಾಯಿತೇ?"

ಸಾಹೇಬರು ತಲೆಯಾಡಿಸಿದರು. ನನ್ನ ದನಿ ಬೇಕಾದ್ದಕ್ಕಿಂತ ಎತ್ತರದಲ್ಲಿತ್ತು.

ದವಾಖಾನೆಯಲ್ಲಿ ಮನುಷ್ಯರನ್ನು ತೂಗುವ ಯಂತ್ರವಿರಲಿಲ್ಲ. ಹತ್ತಿರದ ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವ ಕಾಟಾ ಇತ್ತು. ಸಾಹೇಬರನ್ನು ಅದರ ಮೇಲೆ ನಿಲ್ಲಿಸಿದೆವು. ತೊಂಬತ್ತೆರಡು ಪೌಂಡು. ಆ ಎತ್ತರದ ಗಂಡಸಿಗೆ ಇದು ತೂಕವೇ ಅಲ್ಲ. ಗಿರಣಿಯವರು, "ಇವ್ರನ್ನ ತೂಗೋಕೆ ಇಷ್ಟು ದೊಡ್ಡ ಕಾಟಾ ಯಾಕ್ರೀ, ಅಂಗಡಿ ತಕ್ಕಡಿ ಸಾಕಿತ್ತು" ಎಂದು ನಗಿಸಲು ನೋಡಿದರು. ನಾವು ಯಾರೂ ನಗಲಿಲ್ಲ, ಪಾಪ ಅವರಿಗೇ ಪೆಚ್ಚಾಯಿತು.

ಮೊದಲ ವಾರದಲ್ಲಿ ತಿರುಗಾಟ ಕಡಿಮೆಯಾಯಿತು, ನಿದ್ದೆ ಬಂತು. ಮನಸ್ಸು ಮಾತ್ರ ಇದ್ದಲ್ಲೇ ಇತ್ತು. ಎರಡನೆಯ ವಾರವೂ ಹಾಗೆಯೇ. ಬಾಯಿ ಒಣಗುತ್ತದೆ ಎಂದರು, ಮಲಬದ್ಧತೆ ಆಯಿತು, ಮೂತ್ರ ಹೊರಡಲು ಹೊತ್ತು ಹಿಡಿಯಿತು. ಮುದುಕರಲ್ಲಿ ಮೂತ್ರ ಪೂರ್ತಿ ಕಟ್ಟಿಕೊಂಡರೆ ಸೊರಬದಲ್ಲಿ ನಾನು ಏನು ಮಾಡಬೇಕಿತ್ತೋ ಎಂದು ಬಸ್ಸಿನುದ್ದಕ್ಕೂ ಅದೇ ಯೋಚನೆ. ಔಷಧದ ತೊಂದರೆಗಳೆಲ್ಲ ತಪ್ಪದೆ ಬಂದವು, ಗುಣ ಒಂದೂ ಬರಲಿಲ್ಲ. ಗಿರಣಿಯ ಕಾಟಾ ತೊಂಬತ್ತೆರಡನ್ನು ಬಿಟ್ಟು ಅಲುಗಲಿಲ್ಲ. ಗುರುಗಳ ಪತ್ರವನ್ನು ಜೇಬಿನಿಂದ ತೆಗೆದು ಧೈರ್ಯ ಕೆಡಬೇಡ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ.

ಮೂರನೆಯ ಗುರುವಾರ ನಾನು ದವಾಖಾನೆಯ ಬಾಗಿಲು ಮುಟ್ಟುವ ಮೊದಲೇ ಆಕೆ ಅಲ್ಲಿ ನಿಂತಿದ್ದರು. ಕಣ್ಣಲ್ಲಿ ನೀರು ಕಂಡು ಏನಾಯಿತೆಂದು ಕೇಳಿದೆ.

"ಗಂಜಿಗೆ ಉಪ್ಪಿಲ್ಲ ಅಂದ್ರು ಡಾಕ್ಟರ್ ಸಾಹೇಬ್ರೇ! ನಿನ್ನೆ. ಉಪ್ಪಿಲ್ಲ ಅಂತ ಸಿಟ್ಟು ಮಾಡಿದ್ರು!"

ಗಂಡ ಸಿಟ್ಟು ಮಾಡಿದ್ದಕ್ಕೆ ಅಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ. ನನಗೂ ಕುಣಿಯಬೇಕೆನಿಸಿತು. ವಿಷವಿದೆ ಎಂದು ತಟ್ಟೆ ತಳ್ಳುವವರಿಗೆ ರುಚಿಯ ಗೊಡವೆ ಇರುವುದಿಲ್ಲ. ಉಪ್ಪು ಕೇಳಿದವರು ಉಣ್ಣಲು ಹೊರಟಿದ್ದಾರೆ ಎಂದೇ ಲೆಕ್ಕ. ಅವತ್ತು ಕಾಟಾ ಒಂದೂವರೆ ಪೌಂಡು ಹೆಚ್ಚು ತೋರಿಸಿತು. ಮುಂದಿನ ಸೋಮವಾರ ತೊಂಬತ್ತಾರು. ಆ ಸೋಮವಾರ ಅವರ ನಾಲಿಗೆ ಮರದ ಚೂರಿನಷ್ಟು ಒಣಗಿತ್ತು. ಒಂದು ಲೋಟ ನೀರು ಕೊಟ್ಟೆ. "ಆಮ್ಯಾಕೆ ಕುಡೀತೀನಿ" ಎಂದು ಪಕ್ಕಕ್ಕಿಟ್ಟರು. ಔಷಧದ ಪರಿಣಾಮ ಎಂದು ಚೀಟಿಯಲ್ಲಿ ಬರೆದುಕೊಂಡು, ಗೆದ್ದವನ ಹಾಗೆ ಬಸ್ಸು ಹತ್ತಿದೆ.

ಗುರುವಾರ ಬಸ್ಸಿನಿಂದ ಇಳಿಯುವಾಗ ತಮ್ಮ ಕಾದಿದ್ದರು. ನನ್ನ ಪೆಟ್ಟಿಗೆಯನ್ನು ಕೈಯಿಂದ ತೆಗೆದುಕೊಂಡು ಮುಂದೆ ನಡೆದರು. ದಾರಿಯಲ್ಲಿ ಹೇಳಿದ್ದು ಇಷ್ಟೇ: ನಿನ್ನೆ ಸಂಜೆ ಅಣ್ಣ ಮನೆಯಲ್ಲಿ ನಮಾಜು ಮಾಡುತ್ತಾ ಎದ್ದು ನಿಂತವರು ಹಾಗೇ ಬಿದ್ದರು. ಹಣೆ ಒಡೆಯಿತು. ಸ್ವಲ್ಪ ಹೊತ್ತು ಮೈಮೇಲೆ ಎಚ್ಚರವೇ ಇರಲಿಲ್ಲ.

ಕಾಂಪೌಂಡರು ಆಗಲೇ ಗಾಯ ತೊಳೆದು ಪಟ್ಟಿ ಕಟ್ಟಿದ್ದರು. ಮಲಗಿದ್ದಾಗ ರಕ್ತದೊತ್ತಡ ನೂರಾ ಮೂವತ್ತು. ಇಬ್ಬರು ಹಿಡಿದು ನಿಲ್ಲಿಸಿದಾಗ ಪಾದರಸ ಎಂಬತ್ತಕ್ಕೆ ಜಾರಿತು. ಅವರ ಮುಖ ಬೆಳ್ಳಗಾಯಿತು, ಕೂಡಲೇ ಮಲಗಿಸಿದೆವು. ಗುರುಗಳು ಎರಡು ಗೆರೆ ಎಳೆದಿದ್ದ ಮಾತು ಕಣ್ಣಿಗೆ ಕಟ್ಟಿತು. ಎರಡು ಔಷಧ ಸೇರಿ ಮುದಿ ಮೈಯನ್ನು ಕೆಡವಿವೆ, ಇನ್ನೊಮ್ಮೆ ಬಿದ್ದರೆ ಸೊಂಟದ ಮೂಳೆಯೋ ಜೀವವೋ ಹೋಗುತ್ತದೆ ಎಂದುಕೊಂಡು, ಎರಡನ್ನೂ ಅಲ್ಲೇ ನಿಲ್ಲಿಸಿದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೆದರಿದ್ದೆ, ಹೆದರಿದಾಗ ನಾನು ಪ್ರಶ್ನೆ ಕೇಳುವವನಲ್ಲ, ಆಜ್ಞೆ ಕೊಡುವವನು.

ಸೋಮವಾರದ ಹೊತ್ತಿಗೆ ಎಲ್ಲ ಮೊದಲಿನಂತೆ ಆಗಿತ್ತು. ಕೈ ಹಿಂಡುವುದು, ಗೋಡೆಯಿಂದ ಗೋಡೆಗೆ ನಡೆಯುವುದು. ಕಾಟಾ ತೊಂಬತ್ತಮೂರು ತೋರಿಸಿತು. "ವಿಷ ನಂಗೇ ತಿರುಗಿ ಬಂತು, ಅದಕ್ಕೇ ಬಿದ್ದೆ" ಎನ್ನುತ್ತಿದ್ದರು ಸಾಹೇಬರು.

"ಗುರುವಾರದ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡ್ತೀವಿ. ಅಲ್ಲಿಂದ ರೈಲು" ಎಂದರು ತಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಕೆ ಒಂದು ಬಟ್ಟೆಯ ಚೀಲವನ್ನು ಕಾಂಪೌಂಡರ ಮೇಜಿನ ಮೇಲೆ ಸುರಿದರು. ಉಳಿದ ಪೊಟ್ಟಣಗಳನ್ನು ವಾಪಸು ತಂದಿದ್ದರು. ಜೊತೆಗೆ ಇಷ್ಟು ದಿನ ಬಿಚ್ಚಿದ ಖಾಲಿ ಕಾಗದಗಳೂ ಇದ್ದವು. ಕಾಗದವನ್ನು ಎಲ್ಲೆಂದರಲ್ಲಿ ಬಿಸಾಡಿ ತುಳಿಯಬಾರದು ಎಂದು ಆಕೆ ಒಂದೊಂದನ್ನೂ ಎತ್ತಿಟ್ಟಿದ್ದರು. ನಾನು ಚೀಟಿ ಬರೆಯುತ್ತಿದ್ದೆ. ಕಾಂಪೌಂಡರು ಖಾಲಿ ಕಾಗದಗಳನ್ನು ಬೆರಳಲ್ಲಿ ಸರಿಸುತ್ತಾ ಕೂತಿದ್ದರು. ಹೆಚ್ಚಿನವು ಬಿಡಿಬಿಡಿಯಾಗಿ ಮಡಿಸಿದ್ದವು. ಕೊನೆಯ ಆರು ದಿನದವು ಮಾತ್ರ ಬೇರೆ ಥರ ಇದ್ದವು. ಬಿಳಿ, ಗುಲಾಬಿ, ನೀಲಿ ಮೂರೂ ಒಂದರೊಳಗೊಂದು ಸುತ್ತಿ ಒಂದೇ ಉಂಡೆಯಾಗಿದ್ದವು.

ಅವರು ಮೂಗಿಗೆ ಏರಿಸಲಿದ್ದ ನಶ್ಯವನ್ನು ಹಾಗೇ ಹಿಡಿದು ಆಕೆಯನ್ನು ಕೇಳಿದರು, "ಏನಮ್ಮಾ, ಸಾಹೇಬ್ರು ರೋಜಾ ಹಿಡಿದಿದ್ರಾ?"

ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನಗೆ ಹೊಳೆಯಲು ಒಂದು ಕ್ಷಣ ಹಿಡಿಯಿತು. ರಂಜಾನ್ ಶುರುವಾಗಿದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ, ಶಿಕಾರಿಪುರದಲ್ಲಿ ನನ್ನ ಮನೆ ಇದ್ದದ್ದೇ ಮಸೀದಿಯ ಬೀದಿಯಲ್ಲಿ. ಆದರೆ ಕಾಯಿಲೆಯವರು ಉಪವಾಸ ಮಾಡುವುದಿಲ್ಲ, ಇವರಂತೂ ನಮಾಜನ್ನೇ ಬಿಟ್ಟವರು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡಿದ್ದೆ. ಸಂಜೆ ನಮಾಜಿನಲ್ಲಿ ಬಿದ್ದರು ಎಂದು ತಮ್ಮ ಹೇಳಿದಾಗಲೂ, ಬಿಟ್ಟಿದ್ದ ನಮಾಜು ಯಾವಾಗ ಮರಳಿತು ಎಂದು ಕೇಳುವ ಬುದ್ಧಿ ಬರಲಿಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. "ಉಪವಾಸ ಮಾಡು ಅಂತ ನಿಮಗೆ ಹೇಳಿದವರು ಯಾರು? ಮೂರು ಹೊತ್ತಿನ ಗುಳಿಗೆ ಖಾಲಿ ಹೊಟ್ಟೆಗೆ ಒಟ್ಟಿಗೆ ನುಂಗಿದರೆ ಕುದುರೆಯೂ ಬೀಳುತ್ತದೆ!"

ಸಾಹೇಬರು ನಡೆಯುವುದನ್ನು ನಿಲ್ಲಿಸಿದರು. "ನೀವು ಒಂದು ಹೊತ್ತೂ ತಪ್ಪಿಸ್ಬ್ಯಾಡ ಅಂದ್ರಿ. ಅಲ್ಲಾ ರೋಜಾ ತಪ್ಪಿಸ್ಬ್ಯಾಡ ಅಂದ. ಹಗಲು ನುಂಗೋ ಹಂಗಿಲ್ಲ. ಅದಕ್ಕೇ ಸಂಜಿಗೆ ಮೂರನ್ನೂ ಸೇರಿಸಿ ನುಂಗಿದೆ. ಇಬ್ರ ಮಾತೂ ನಡೆಸಿದೆ ಡಾಕ್ಟ್ರೇ."

ನನ್ನ ಮಾತನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ ರೋಗಿ ನನಗೆ ಇನ್ನೊಬ್ಬರು ಸಿಕ್ಕಿರಲಿಲ್ಲ. ಬೆರಳೆತ್ತಿ ಗದರಿದ್ದು ನಾನು. ಯಾವ ಹೊತ್ತಿಗೆ ಉಣ್ಣುತ್ತೀರಿ, ಯಾವ ಹೊತ್ತಿಗೆ ಏಳುತ್ತೀರಿ ಎಂದು ಕೇಳದೆ ನನ್ನ ಮನೆಯ ಊಟದ ಹೊತ್ತುಗಳನ್ನು ಅವರ ಮನೆಗೆ ಬರೆದು ಕೊಟ್ಟವನೂ ನಾನೇ.

ಬೇಸರದಿಂದ ಹೇಳಿದೆ, "ಸರಿ, ಗುಳಿಗೆ ಮತ್ತೆ ಶುರು ಮಾಡೋಣ. ಆದರೆ ಉಪವಾಸ ಬೇಡ. ನಿಮ್ಮ ಧರ್ಮದಲ್ಲೂ ಕಾಯಿಲೆಯವರಿಗೆ ಮಾಫಿ ಇದೆಯಲ್ಲ."

ಆಗ ಆಕೆ ಸೆರಗು ಇಳಿಸಿ ನನ್ನನ್ನೇ ನೋಡಿ ಮಾತಾಡಿದರು. "ಮಾಫಿ ಐತೆ, ನಮ್ಗೂ ಗೊತ್ತೈತೆ. ನಿಮ್ಗೆ ಹೇಳಿದ್ರೆ ಬ್ಯಾಡ ಅಂತೀರಿ ಅಂತ ಬಚ್ಚಿಟ್ಟಿದ್ದು ನಾನೇ. ಆರು ತಿಂಗ್ಳಿಂದ ಇವ್ರು ಬಾಯಿಬಿಟ್ಟು ಒಂದು ಬೇಕು ಅಂದಿಲ್ಲ. ಚಂದ್ರ ಕಂಡ ದಿನ ರೋಜಾ ಇರ್ತೀನಿ ಅಂದ್ರು. ನಮಾಜಿಗೆ ಚಾಪೆ ಕೇಳಿದ್ರು. ಬೆಳಗಿನ ಜಾವ ಸಹರಿ ಊಟಕ್ಕೆ ಎದ್ದು ಕೂತು ರೊಟ್ಟಿ ತಿಂದ್ರು, ಸಂಜಿಗೂ ತಿಂದ್ರು. ಈಗ ನೋಡಿ, ರೋಜಾನೂ ಇಲ್ಲ, ಊಟಾನೂ ಇಲ್ಲ. ಅದೊಂದು ಕಿತ್ಕೋಬ್ಯಾಡಿ."

ನಾನು ಚೀಟಿ ತೆಗೆದು ತೂಕ ನೋಡಿದೆ. ಉಪವಾಸ ಹಿಡಿದ ಮೇಲೆಯೇ ಅವರು ತೊಂಬತ್ತಾರಕ್ಕೆ ಏರಿದ್ದರು. ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ ಎರಡೇ ಊಟವನ್ನು ನಿಯಮವೆಂದು ಪೂರ್ತಿ ಉಂಡಿದ್ದರು. ಉಪವಾಸ ಬಿಟ್ಟ ಮೇಲೆ ಇಳಿದಿದ್ದರು. ಗಿರಣಿಯ ಕಾಟಾಕ್ಕೆ ಯಾರ ಮುಲಾಜೂ ಇರಲಿಲ್ಲ.

ಆದರೂ ತೀರ್ಮಾನ ಸುಲಭವಿರಲಿಲ್ಲ. ಬೇಸಿಗೆ ಬಂದಿತ್ತು. ನೀರಿಲ್ಲದೆ ಹಗಲು ಕಳೆದ ಮೈಯಲ್ಲಿ ರಕ್ತದೊತ್ತಡ ಇನ್ನಷ್ಟು ಇಳಿಯುತ್ತದೆ. ಗುರುಗಳನ್ನು ಕೇಳೋಣವೆಂದರೆ ಉತ್ತರ ಬರುವ ಹೊತ್ತಿಗೆ ಇವರು ರೈಲಿನಲ್ಲಿರುತ್ತಾರೆ. ಕ್ಲೋರ್‌ಪ್ರೋಮಜಿನ್ ಬಿಟ್ಟು ಒಂದನ್ನೇ ಕೊಡೋಣವೆಂದರೆ ತಳಮಳ ಇವರನ್ನು ಮೂರು ದಿನ ಕೂರಗೊಡುವುದಿಲ್ಲ. ಉಪವಾಸ ಬೇಡವೆಂದರೆ ಮತ್ತೆ ಬಚ್ಚಿಡುತ್ತಾರೆ, ಮತ್ತೆ ಬೀಳುತ್ತಾರೆ. ಕಣ್ಣಿಗೆ ಕಾಣದ ಉಪವಾಸಕ್ಕಿಂತ ಕಾಣುವ ಉಪವಾಸವೇ ವಾಸಿ ಎನಿಸಿತು. ಔಷಧದ ಹೊತ್ತನ್ನೇ ಬದಲಾಯಿಸುವುದೆಂದು ನಿಶ್ಚಯ ಮಾಡಿದೆ.

ತಮ್ಮ ಒಪ್ಪಲಿಲ್ಲ. "ನಿಮ್ಮ ಔಷಧ ಒಂದ್ಸಲ ಕೆಡವಿತಲ್ಲ ಸಾಹೇಬ್ರೇ?"

"ಕೆಡವಿದ್ದು ಔಷಧವಲ್ಲ, ನಾನು" ಎಂದೆ. ಹೇಳಿದ ಮೇಲೆ ಎದೆ ಹಗುರಾಯಿತು. "ಗುಳಿಗೆ ಶುರುವಾದ ದಿನದಿಂದ ಲೆಕ್ಕ ಹಾಕಿದರೆ ನೀವು ಕೊಟ್ಟ ತಿಂಗಳಲ್ಲಿ ಒಂದು ವಾರ ಇನ್ನೂ ಉಳಿದಿದೆ. ಆ ವಾರ ಕೊಡಿ. ಮುಂದಿನ ಸೋಮವಾರ ಕಾಟಾ ತೊಂಬತ್ತಮೂರಕ್ಕಿಂತ ಕೆಳಗೆ ತೋರಿಸಿದರೆ ನಾನೇ ಜೊತೆಗೆ ಬೆಂಗಳೂರಿಗೆ ಬರುತ್ತೇನೆ."

ಅವರು ಅತ್ತಿಗೆಯ ಕಡೆ ನೋಡಿ, ಆಗಲಿ ಎಂಬಂತೆ ಕೈ ಎತ್ತಿದರು.

ಹೊಸ ಕ್ರಮವನ್ನು ನಾನು ಬರೆಯಲಿಲ್ಲ. ಕೂತು ಕೇಳಿದೆ. ಸಹರಿ ಎಷ್ಟು ಹೊತ್ತಿಗೆ, ಏನು ತಿನ್ನುತ್ತೀರಿ, ತಿಂದು ಮಲಗುತ್ತೀರೋ ಕೂರುತ್ತೀರೋ, ಸಂಜೆ ಮೊದಲು ಬಾಯಿಗೆ ಏನು ಹಾಕುತ್ತೀರಿ. ಅವರು ಮೂವರೂ ಒಬ್ಬರ ಮಾತಿನ ಮೇಲೆ ಒಬ್ಬರು ಹೇಳಿದರು. ಕೊನೆಗೆ ಹೀಗೆ ಗೊತ್ತುಮಾಡಿದೆವು: ಸಹರಿಯ ಊಟ ಮುಗಿದ ಮೇಲೆ ಇಮಿಪ್ರಮಿನ್ ಒಂದು. ಸಂಜೆ ಮೊದಲು ಖರ್ಜೂರ, ಎರಡು ಲೋಟ ಉಪ್ಪು ಹಾಕಿದ ಗಂಜಿ, ಊಟ, ಆಮೇಲೆ ಇಮಿಪ್ರಮಿನ್ ಇನ್ನೊಂದು. ಹಾಸಿಗೆ ಸೇರಿದ ಮೇಲೆ ಮೂರನೆಯದು ಮತ್ತು ಕ್ಲೋರ್‌ಪ್ರೋಮಜಿನ್ ಒಂದೇ ಒಂದು. ಹಗಲಿನ ಎರಡು ಅರ್ಧಗಳನ್ನು ಕೈಬಿಟ್ಟೆ. ಮಲಗಿದವರು ಏಳುವಾಗ ಮೊದಲು ಕೂತು ನೂರು ಎಣಿಸಬೇಕು. ಕಾಂಪೌಂಡರು ಗುಲಾಬಿ ಕಾಗದವನ್ನು ಡ್ರಾಯರಿಗೆ ಹಾಕಿ ಬಿಳಿ, ಹಳದಿ, ನೀಲಿ ಆರಿಸಿದರು. ಸಂಜೆಗೆ ಹಳದಿ.

"ನಮಾಜು ಕೂತು ಮಾಡಬಹುದಲ್ಲ?" ಎಂದು ಕೇಳಿದೆ.

"ಮಾಡಬೌದು. ನಾಚಿಕೆ ಆಗ್ತೈತೆ" ಎಂದರು ಸಾಹೇಬರು.

"ಬಿದ್ದು ಹಣೆ ಒಡ್ಕೊಂಡ್ರೆ ನಾಚಿಕೆ ಆಗೋದಿಲ್ವಾ?" ಎಂದರು ಕಾಂಪೌಂಡರು. ಸಾಹೇಬರು ಹಣೆಯ ಪಟ್ಟಿ ಮುಟ್ಟಿಕೊಂಡರು.

ಇನ್ನೊಂದು ಷರತ್ತು ಹಾಕಿದೆ. ನಿಂತಾಗ ರಕ್ತದೊತ್ತಡ ನೂರಕ್ಕಿಂತ ಕೆಳಗಿದ್ದರೆ ಅವತ್ತಿನ ಉಪವಾಸ ಅಲ್ಲಿಗೆ ಮುಗಿಯಿತು. ವಾರಕ್ಕೆ ಎರಡು ದಿನ ಸಾಲದೆಂದು ನನ್ನದೇ ಹೊಣೆಯ ಮೇಲೆ ಶನಿವಾರವೂ ಸೊರಬಕ್ಕೆ ಬರತೊಡಗಿದೆ. ಶಿಕಾರಿಪುರದಲ್ಲಿ ಕಾಯುತ್ತಿದ್ದವರು ಬೈದುಕೊಂಡಿರಬೇಕು, ಅವರದೂ ನ್ಯಾಯವೇ.

ಗುರುವಾರ ನಿಂತಾಗ ನೂರಾ ಹತ್ತು ಇತ್ತು. ಶನಿವಾರ ಮಧ್ಯಾಹ್ನ ಬಿಸಿಲು ಕಾದಿತ್ತು. ಮಲಗಿಸಿ ನೋಡಿದೆ, ನೂರಾ ಇಪ್ಪತ್ತೆಂಟು. ನಿಲ್ಲಿಸಿ ನೋಡಿದೆ. ಪಾದರಸ ತೊಂಬತ್ತಾರರ ಹತ್ತಿರ ಮಿಡಿಯಿತು. ಇನ್ನೊಮ್ಮೆ ಪಟ್ಟಿ ಊದಿಸಿದೆ. ತೊಂಬತ್ತಾರೇ. ಸಾಹೇಬರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಅವರು ಮೆಲ್ಲಗೆ ಬೆಂಚಿನ ಮೇಲೆ ಕೂತು ಹೆಂಡತಿಗೆ ಹೇಳಿದರು, "ನೀರು ಕೊಡು." ಆಕೆ ಕೊಟ್ಟರು. ನಮ್ಮೆಲ್ಲರ ಎದುರಿಗೆ, ತಡೆತಡೆದು, ಒಂದು ಲೋಟ ಪೂರ್ತಿ ಕುಡಿದರು. "ಹಬ್ಬ ಕಳೆದ ಮ್ಯಾಲೆ ಇದೊಂದು ದಿನ ತೀರಿಸ್ತೀನಿ" ಎಂದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಮುಂದೆ ಒಂದು ದಿನವನ್ನು ತೀರಿಸುತ್ತೇನೆ ಎಂದವರು ಮುಂದೆ ಬದುಕಿರುತ್ತೇನೆ ಎಂದು ಹೇಳಿದ ಹಾಗೆ. ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ಸೋಮವಾರ ಕಾಟಾ ತೊಂಬತ್ತೈದು ತೋರಿಸಿತು. ಗಿರಣಿಯಿಂದ ತಮ್ಮ ಹೊರಗೆ ಹೋಗಿ ಒಬ್ಬರೇ ನಿಂತು ಮುಖ ಒರೆಸಿಕೊಂಡು ಬಂದರು. ಹಬ್ಬದ ಹೊತ್ತಿಗೆ ನೂರಾ ಒಂದು. ಈದ್ಗಾಕ್ಕೆ ತಮ್ಮನ ಹೆಗಲು ಹಿಡಿದು ನಡೆದೇ ಹೋದರಂತೆ. ಗುರುಗಳಿಗೆ ಎಲ್ಲವನ್ನೂ, ನನ್ನ ತಪ್ಪನ್ನೂ ಸೇರಿಸಿ, ಬರೆದೆ. ಮುಂದಿನ ರೋಗಿಗೆ ಮೊದಲು ಊಟದ ಹೊತ್ತು ಕೇಳು, ಆಮೇಲೆ ಗುಳಿಗೆ ಎಣಿಸು ಎಂದು ಒಂದೇ ಸಾಲು ಉತ್ತರ ಬಂತು.

ಹಬ್ಬವಾಗಿ ಮೂರು ವಾರದ ಮೇಲೆ ಸಾಹೇಬರು ಒಬ್ಬರೇ ದವಾಖಾನೆಗೆ ಬಂದರು. ಗಡ್ಡ ಕತ್ತರಿಸಿ ಒಪ್ಪ ಮಾಡಿಸಿದ್ದರು. ಊರಿಗೆಲ್ಲಾ ವಿಷ ಹಾಕಿದೆ ಎಂಬ ಮಾತು ಆಗ ಅವರಿಗೇ ನಗು ತರಿಸುತ್ತಿತ್ತು. ಅವತ್ತು ಮಾತ್ರ ನಗಲಿಲ್ಲ. ಬಾಗಿಲು ಮುಂದೆ ಮಾಡಿ ಎಂದರು. ನನಗೆ ಭಯವಾಯಿತು, ರೋಗ ಮರಳಿತೇ ಎಂದು.

"ಕಾಯಿಲೆ ಅಲ್ಲ ಡಾಕ್ಟ್ರೇ, ಹೆದ್ರಬ್ಯಾಡಿ. ಆವಾಗ ನಾನು ಹೇಳಿದ್ದೆಲ್ಲ ಸುಳ್ಳು. ಒಂದು ಮಾತ್ರ ನಿಜ. ಜಡೆ ಊರಾಗೆ ಒಂದು ಮನೆ. ಮದ್ವೆಗೆ ಅಂತ ಪಾತ್ರೆ ಕೊಟ್ಟಿದ್ರು. ಕೊನೆಯ ದೊಡ್ಡ ತಪ್ಪಲೆ ಉಳಿದಿತ್ತು, ನನ್ನ ಹತ್ರ ತವರ ಮುಗೀತು. ಸೊರಬಕ್ಕೆ ಕೊನೇ ಬಸ್ಸು ಹೊರಡೋ ಹೊತ್ತು. ಬೆಸುಗೆ ಕಡ್ಡಿ ಇತ್ತು. ಅದನ್ನೇ ಕರಗಿಸಿ ತಳಕ್ಕೆ ಹಾಕಿ ಮುಗಿಸಿದೆ. ಬೆಸುಗೇಲಿ ಸೀಸ ಇರ್ತೈತೆ. ಗೊತ್ತಿದ್ದೇ ಹಾಕಿದೆ. ಹೋಗಿ ಸರಿ ಮಾಡಿ ಬರ್ತೀನಿ. ಹೋಗಬೌದಾ?"

ಎಲ್ಲವೂ ರೋಗದ ಭ್ರಮೆ, ತಲೆಯಿಂದ ತೆಗೆದುಹಾಕಿ ಎಂದು ನಾನು ಅವರಿಗೆ ಎಷ್ಟೋ ಸಲ ಹೇಳಿದ್ದೆ. ಅಷ್ಟೆಲ್ಲ ಭ್ರಮೆಯ ನಡುವೆ ಒಂದು ನಿಜವಾದ ತಪ್ಪಲೆಯೂ ಇರಬಹುದೆಂದು ನನಗೆ ತೋಚಿರಲಿಲ್ಲ. ಸೀಸದ ವಿಷಯವಾದ್ದರಿಂದ ಹೋಗಬೇಡಿ ಎನ್ನುವ ಹಾಗೂ ಇರಲಿಲ್ಲ. ಆದರೆ ಆ ಮನೆಯವರು ಛೀ ಥೂ ಎಂದರೆ, ಇಷ್ಟು ವಾರಗಳ ಗುಳಿಗೆ ಕಟ್ಟಿ ನಿಲ್ಲಿಸಿದ್ದು ಒಂದೇ ಮಾತಿಗೆ ಕುಸಿದರೆ? ತಪ್ಪಲೆ ಇಳಿಸಿಡಿ ಎಂದು ಆ ಮನೆಗೆ ಹೇಳಿ ಕಳಿಸಿ, ಇವರನ್ನು ಇಲ್ಲೇ ಉಳಿಸಿಕೊಳ್ಳಬಹುದಿತ್ತು. ಅವರು ಕಾಯುತ್ತಾ ನಿಂತಿದ್ದರು. ಈ ಸಲ ಆಜ್ಞೆ ಕೊಡಲು ಬಾಯಿ ಬರಲಿಲ್ಲ.

"ಹೋಗಿ ಬನ್ನಿ. ತಮ್ಮನನ್ನು ಜೊತೆಗೆ ಕರೆದುಕೊಳ್ಳಿ. ಗುರುವಾರ ನನ್ನನ್ನು ನೋಡಲೇಬೇಕು. ಮತ್ತೆ, ಆ ಮನೆಯಲ್ಲಿ ಯಾರಿಗಾದರೂ ಹೊಟ್ಟೆನೋವು, ರಕ್ತಹೀನತೆ ಇದೆಯೇ ಕೇಳಿ ಬನ್ನಿ."

ಗುರುವಾರದವರೆಗೆ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬಸ್ಸು ಸೊರಬ ತಲುಪಿದಾಗ ಅಣ್ಣ ತಮ್ಮ ಇಬ್ಬರೂ ದವಾಖಾನೆಯ ಕಟ್ಟೆಯ ಮೇಲೆ ಕೂತಿದ್ದರು. ಸಾಹೇಬರ ಬೆರಳ ಸಂದಿಯಲ್ಲಿ ಹೊಸ ಮಸಿ ಇತ್ತು.

ತಮ್ಮ ಮೊದಲು ವರದಿ ಕೊಟ್ಟರು. ಆ ತಪ್ಪಲೆಯನ್ನು ಮದುವೆಯ ಊಟಕ್ಕೆ ಒಮ್ಮೆ ಬಳಸಿದ್ದಷ್ಟೇ, ಆಮೇಲೆ ಅಟ್ಟ ಸೇರಿತ್ತು, ಮನೆಯಲ್ಲಿ ಎಲ್ಲರೂ ಆರೋಗ್ಯ. ಅಣ್ಣ ಅಂಗಳದಲ್ಲಿ ಒಲೆ ಹೂಡಿ ಹಳೆಯದನ್ನು ಪೂರ್ತಿ ಕೆರೆದು ತೆಗೆದು ಒಳ್ಳೆಯ ತವರ ಹಾಕಿದರು.

ನಾನು ಸಾಹೇಬರ ಕಡೆ ತಿರುಗಿದೆ. "ನೀವು ಅವರಿಗೆ ನಿಜ ಹೇಳಿದಿರಾ?"

"ಹೇಳ್ದೆ."

"ಏನಂದರು?"

"ಆ ಮನೆ ಅಮ್ಮ ಬೈದ್ರು ಡಾಕ್ಟ್ರೇ. ನಿನ್ನ ನಂಬಿ ಪಾತ್ರೆ ಕೊಟ್ವಲ್ಲೋ, ಮಕ್ಳು ಮರಿ ಉಣ್ಣೋ ಪಾತ್ರೆಗೆ ಹಿಂಗೆ ಮಾಡ್ತೀಯಾ ಅಂತ ಅಂಗಳದಾಗೆ ನಿಲ್ಲಿಸಿ ಬೈದ್ರು. ಅಕ್ಕಪಕ್ಕದೋರೆಲ್ಲ ಬಂದು ನಿಂತ್ರು."

ನನ್ನ ಕೈ ತಾನಾಗಿಯೇ ಅವರ ನಾಡಿಗೆ ಹೋಯಿತು. ಅವರು ಕೈ ಹಿಡಿಯಲು ಬಿಟ್ಟರು. "ನಿಮಗೆ ಹೇಗಾಯಿತು ಆಗ?"

ಸಾಹೇಬರು ಯೋಚಿಸಿದರು. ಅವಸರವಿರಲಿಲ್ಲ ಅವರಿಗೆ.

"ನೋವಾಯ್ತು. ಬೈದಷ್ಟೇ ನೋವಾಯ್ತು, ಅದ್ಕಿಂತ ಹೆಚ್ಚಿಗೆ ಆಗ್ಲಿಲ್ಲ. ಆಮೇಲೆ ಅವ್ರು ಊಟ ಹಾಕಿದ್ರು, ಉಂಡೆ."

ಆ ಗುರುವಾರವೇ, ತಳಮಳಕ್ಕೆಂದು ಮಲಗುವ ಹೊತ್ತಿಗೆ ಕೊಡುತ್ತಿದ್ದ ಕ್ಲೋರ್‌ಪ್ರೋಮಜಿನ್ ಅನ್ನು ಅರ್ಧಕ್ಕೆ ಇಳಿಸಿದೆ.